ಗವಸಿನೊಳಗಿನ ಕೈ

ಗದಗ ಪೇಟೆಯಲ್ಲಿ ಎಷ್ಟು ಸುತ್ತಿದರೂ ಒಂದು ಪೆನ್ನು ಸಿಗದ ಕಾಲ ಅದು. ಯಾರೂ ಬಚ್ಚಿಟ್ಟಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಯಾರೂ ಇಡುತ್ತಿರಲಿಲ್ಲ, ಅಷ್ಟೇ. ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿಕೊಂಡರೆ ಕೆಲಸ ಮುಗಿಯಿತು. ಬಾಯಿ ಬಿಡುವುದೂ ಬೇಕಿಲ್ಲ. ಮನಸ್ಸಿನಲ್ಲಿ ಮಾತು ಕಟ್ಟುವಾಗ ಗಂಟಲಿನ ಸ್ನಾಯು ನಮಗೆ ಗೊತ್ತಿಲ್ಲದೆ ಒಂದಿಷ್ಟು ಅಲುಗುತ್ತದೆ. ಆ ಅಲುಗಾಟವನ್ನು ಪಟ್ಟಿ ಓದಿ, ಅಕ್ಷರ ಮಾಡಿ, ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸುತ್ತಿತ್ತು. ಜನ ಅದನ್ನು ಗಂಟಲಪಟ್ಟಿ ಎಂದು ಕರೆದರು. ಸಹಿ ಹಾಕುವ ಕೆಲಸವನ್ನು ಕಣ್ಣಿನ ಪಾಪೆ ವಹಿಸಿಕೊಂಡಿತು. ಶಾಲೆಗಳಲ್ಲಿ ಅಕ್ಷರ ಓದುವುದನ್ನು ಕಲಿಸುತ್ತಿದ್ದರು, ಬರೆಯುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಇಂಥ ಊರಿನಲ್ಲಿ ಧೃತಿ ಹೊಸಮನಿ ಕೈಬರಹ ಕೇಂದ್ರ ನಡೆಸುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಹೆಸರು ಕೇಳಿ ಹುಡುಗಿ ಅಂದುಕೊಳ್ಳಬೇಡಿ. ಅವಳು ಹುಟ್ಟಿದ ಕಾಲದಲ್ಲಿ ತೊಟ್ಟಿಲಿಗೆ ಇಡುತ್ತಿದ್ದ ಹೆಸರುಗಳೇ ಅಂಥವು. ಈಗ ಬೆಟಗೇರಿಯ ಓಣಿಗಳಲ್ಲಿ ಕಟ್ಟೆಗೆ ಕೂತು ಎಲೆ ಅಡಿಕೆ ಕುಟ್ಟುವ ಮುದುಕಿಯರೆಲ್ಲ ಸಾನ್ವಿ, ಆದ್ಯಾ, ಆರಾಧ್ಯಾ. ಧೃತಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಎದುರಿನವರು ಮಾತು ಮುಗಿಸುವ ತನಕ ಕಾಯುವ ಅಭ್ಯಾಸ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ.

ಕೇಂದ್ರ ಇದ್ದದ್ದು ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕಟ್ಟಡದಲ್ಲಿ. ಅಲ್ಲಿ ಒಂದು ಯಂತ್ರ. ಅದರ ಕೆಲಸ ತಿಳಿಯುವುದು ಕಷ್ಟವಲ್ಲ. ಕೈಯಿಂದ ಬರೆದ ಅಕ್ಷರದಲ್ಲಿ ಇರುವುದು ಬರಿ ಆಕಾರವಲ್ಲ. ಎಲ್ಲಿ ಒತ್ತಿದರು, ಎಲ್ಲಿ ಹಗುರಾದರು, ಎಲ್ಲಿ ತಡವರಿಸಿದರು ಎಂಬುದೆಲ್ಲ ಅದರ ತಗ್ಗಿನಲ್ಲಿ ಕೂತಿರುತ್ತದೆ. ಯಂತ್ರ ಆ ತಗ್ಗುಗಳ ಮೇಲೆ ಅಡ್ಡ ಬೆಳಕು ಬಿಟ್ಟು, ಇಂಥ ಗೆರೆ ಎಳೆಯಲು ಬೆರಳು ಎಷ್ಟು ಉದ್ದ ಇರಬೇಕು, ಮಣಿಕಟ್ಟು ಎತ್ತ ತಿರುಗಿರಬೇಕು ಎಂದು ಲೆಕ್ಕ ಹಾಕಿ, ಬರೆದವರ ಕೈಯನ್ನೇ ಮತ್ತೆ ಕಟ್ಟುತ್ತಿತ್ತು. ಕಟ್ಟಿದ ಕೈಯನ್ನು ಒಂದು ಗವಸಿಗೆ ಇಳಿಸುತ್ತಿತ್ತು. ಗವಸಿನ ಒಳಗೆ ಕೂದಲಿಗಿಂತ ಸಣ್ಣ ತಂತಿಗಳು. ಅವು ಕುಗ್ಗುತ್ತ ಹಿಗ್ಗುತ್ತ ಹಾಕಿಕೊಂಡವರ ಬೆರಳನ್ನು ಒತ್ತುತ್ತಿದ್ದವು, ನಡೆಸುತ್ತಿದ್ದವು, ಒಂದಿಷ್ಟು ಬೆಚ್ಚಗೂ ಮಾಡುತ್ತಿದ್ದವು. ಚಿಕ್ಕಂದಿನಲ್ಲಿ ಯಾರೋ ಬೆನ್ನ ಹಿಂದೆ ಕೂತು ನಮ್ಮ ಕೈಮೇಲೆ ಕೈ ಇಟ್ಟು ಅಕ್ಷರ ತಿದ್ದಿಸುತ್ತಿದ್ದರಲ್ಲ, ಥೇಟ್ ಹಾಗೆ. ಸತ್ತವರು ಬಂದು ಕೈ ಹಿಡಿದಂತೆ.

ಮೊದಮೊದಲು ಜನ ಮುಗಿಬಿದ್ದರು. ಅಜ್ಜನ ಹಳೇ ಪತ್ರ, ತಾಯಿಯ ಹಾಡಿನ ವಹಿ ಎದೆಗೆ ಒತ್ತಿಕೊಂಡು ಬಂದು, ಗವಸು ಹಾಕಿಕೊಂಡು, ಹೋ ಎಂದು ಅತ್ತು ಹೋದರು. ಆಮೇಲೆ ಬರುವವರು ಕಡಿಮೆಯಾದರು. ದುಃಖ ಕಡಿಮೆಯಾಗಿರಲಿಲ್ಲ. ಈಗ ಸಾಯುತ್ತಿದ್ದವರು ಶಾಲೆ ಬಿಟ್ಟ ಮೇಲೆ ಬರೆದವರೇ ಅಲ್ಲ, ಅದು ಕಾರಣ.

ಆ ವಾರ ಕೇಂದ್ರಕ್ಕೆ ಹಣ ಕೊಡುತ್ತಿದ್ದ ಇಲಾಖೆಯಿಂದ ವಿಹಾನ್ ಎಂಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಅಂಥವರನ್ನು ಕಂಡರೆ ಧೃತಿಗೆ ಇನ್ನೂ ಉರಿಯುತ್ತಿತ್ತು.

"ಮೇಡಂ, ಈ ವರ್ಷ ಎಷ್ಟು ಜನ ಬಂದರು?"

"ಬೆರಳಾಗ ಎಣಿಸಬಹುದು. ಎರಡು ಕೈ ಬೇಕಾಗಂಗಿಲ್ಲ."

"ಇಲ್ಲಿರುವ ಕೈಬರಹದ ಮಾದರಿಗಳ ಚಿತ್ರ ಎಲ್ಲವನ್ನೂ ನಾವು ತೆಗೆದಿಟ್ಟಿದ್ದೇವೆ. ಒಂದೂ ಹಾಳಾಗಲ್ಲ. ಚಿತ್ರ ಇರುವಾಗ ಯಂತ್ರ ಯಾಕೆ ಅಂತ ಮೇಲಿನವರು ಕೇಳ್ತಿದ್ದಾರೆ."

"ರೊಟ್ಟಿ ಚಿತ್ರ ಐತೆಲ್ಲ, ರೊಟ್ಟಿ ಯಾಕ ಅಂತ ಕೇಳ್ದಂಗಾತು."

ವಿಹಾನ್ ನಕ್ಕರು. "ನಿಮ್ಮ ಮಾತು ಸರಿ. ಆದರೆ ನೋಡಿ, ತೀರಿಕೊಂಡವರ ದನಿ ಇದೆ, ನಗುವುದು ನಡೆಯುವುದು ಎಲ್ಲ ಇದೆ. ಜನಕ್ಕೆ ಅದು ಸಾಕು. ಬರವಣಿಗೆ ಅಂದ್ರೆ ಒಂದು ಸಾಮಾನು ಅಷ್ಟೇ. ಎತ್ತಿನ ಗಾಡಿ ಹೋಯಿತು, ಯಾರೂ ಅಳಲಿಲ್ಲ."

"ದನಿ ಇರದವ್ರು ಏನು ಮಾಡಬೇಕ್ರಿ?"

"ಅಂಥವರು ಎಷ್ಟು ಜನ ಇರ್ತಾರೆ ಮೇಡಂ?"

"ಒಬ್ಬಾಕಿ."

ಅವರಿಗೆ ಅರ್ಥವಾಗಲಿಲ್ಲ. ಶನಿವಾರ ಲಾರಿ ಬರುತ್ತದೆ, ಯಂತ್ರವನ್ನು ಬಿಚ್ಚಿ ಅದರ ಬೆಳಕಿನ ಭಾಗವನ್ನು ಒಂದು ಆಸ್ಪತ್ರೆಗೆ ಕೊಡುತ್ತೇವೆ, ನಿಮಗೆ ಬೇರೆ ಕಡೆ ಕೆಲಸ ಇದೆ ಎಂದು ಹೇಳಿ ಹೋದರು. ಅವರು ಹೋದ ಮೇಲೆ ಧೃತಿ ಖಾಲಿ ಕುರ್ಚಿಯೊಂದನ್ನು ಒದ್ದಳು. ಅವಳ ಸಹಾಯಕ ಇರ್ಫಾನ್ ನದಾಫ್ ಅದನ್ನು ಎತ್ತಿ ನಿಲ್ಲಿಸಿದ. ಯಂತ್ರ ನಡೆಸುವವನು ಅವನೇ, ಅವಳಿಗಿಂತ ಒಂದೆರಡು ವರ್ಷ ಚಿಕ್ಕವನು, ಅವಳ ಬೈಗಳ ಉಂಡು ಉಂಡು ದಪ್ಪಗಾದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ.

"ಅಕ್ಕಾರ, ಕುರ್ಚಿ ಏನು ಮಾಡೇತ್ರಿ?"

"ಅಂವ ಹೇಳಿದ್ದು ಖರೆ ಐತಿ, ಅದಕ್ಕ ಒದ್ದೆ. ಸುಳ್ಳು ಹೇಳಿದ್ರ ಅವಂಗ ಒದೀತಿದ್ದೆ."

*

ಬೆಟಗೇರಿಯಲ್ಲಿ ಧೃತಿಯ ಮನೆ ಎಂದರೆ ಮೂರನೇ ಮಹಡಿಯ ಎರಡು ಕೋಣೆ. ಬಾಗಿಲು ತೆಗೆದರೆ ದೀಪ ತಾನೇ ಹತ್ತುತ್ತಿತ್ತು, ಅಡುಗೆ ಒಲೆ ಏನು ಬೇಕೆಂದು ಕೇಳುತ್ತಿತ್ತು, ಗೋಡೆಯೂ ಬೇಕೆಂದರೆ ಮಾತಾಡುತ್ತಿತ್ತು. ಧೃತಿ ಎಲ್ಲದರ ಬಾಯಿ ಮುಚ್ಚಿಸಿದ್ದಳು. ಇಷ್ಟು ಮಾತಾಡುವ ಮನೆಯಲ್ಲಿ ಮಾತಾಡದೇ ಇದ್ದವಳೊಬ್ಬಳೇ ಬೇಕಾಗಿದ್ದಳು.

ಅವಳ ಅಕ್ಕ ಪ್ರಣತಿ. ತಾಯಿ ತೀರಿದ ಮೇಲೆ ತಂಗಿಯನ್ನು ಸಾಕಿದ್ದು ಅವಳೇ. ಜಂಪರು ಹೊಲಿದು ಹೊಲಿದು ಧೃತಿಯನ್ನು ಇಂಜಿನಿಯರ್ ಮಾಡಿದಳು. ಮದುವೆ ಎಂಬುದು ಇಬ್ಬರಿಗೂ ಒದಗಲಿಲ್ಲ, ಒದಗಲಿಲ್ಲವೆಂದು ಇಬ್ಬರೂ ಕೂತು ಕೊರಗಲೂ ಇಲ್ಲ. ಆಮೇಲೆ ಪ್ರಣತಿಗೆ ಗಂಟಲಿನಲ್ಲಿ ಗಡ್ಡೆ ಬಂತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಗಂಟಲೇ ಇಲ್ಲದ ಮೇಲೆ ಗಂಟಲಪಟ್ಟಿ ಎಲ್ಲಿಂದ ಓದೀತು? ಕಣ್ಣು ನೋಡಿ ಅಕ್ಷರ ಹಚ್ಚುವ ಯಂತ್ರ ತಂದರು. ಅದು ತಲೆ ತಿರುಗಿಸುತ್ತದೆಂದು ಪ್ರಣತಿ ಎರಡೇ ದಿನಕ್ಕೆ ತೆಗೆದಿಟ್ಟಳು. ಯಾರದೋ ಅಟ್ಟದಿಂದ ಮರದ ಕಟ್ಟು ಹಾಕಿದ ಒಂದು ಕರಿ ಕಲ್ಲಿನ ಪಾಟಿ, ಒಂದು ಪೆಟ್ಟಿಗೆ ಬಳಪ ಹುಡುಕಿ ತಂದಳು. ಪಾಟಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಮುಂದೆ ಅವಳ ಮಾತೆಲ್ಲ ಅದರ ಮೇಲೆ. ಬರೆಯುವಳು, ತೋರಿಸುವಳು, ಸೆರಗಿನಿಂದ ಒರೆಸುವಳು.

ಊರವರ ಕೈಬರಹ ಕೂಡಿಸುತ್ತಿದ್ದ ಧೃತಿಗೆ ಮನೆಯಲ್ಲಿ ದಿನಾ ಒರೆಸಿ ಹೋಗುತ್ತಿದ್ದ ಕೈಬರಹದ ಒಂದು ಸಾಲನ್ನು ತೆಗೆದಿಡಬೇಕೆಂದು ಹೊಳೆಯಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿರುವಾಗ ಯಾರು ತಂಬಿಗೆ ತುಂಬಿಡುತ್ತಾರೆ? ಅಕ್ಕ ಮಲಗಿದ್ದಲ್ಲೇ ಹೋದಳು. ಅವತ್ತು ಪಾಟಿ ಸ್ವಚ್ಛವಾಗಿತ್ತು.

ಉಳಿದದ್ದು ಒಂದು ಸ್ಟೀಲಿನ ಕೊಡ. ಒಂದು ದೀಪಾವಳಿಗೆ ಅಕ್ಕ ಅದನ್ನು ಕೊಂಡು ತಂದಿದ್ದಳು. ಕೊರಳ ಕೆಳಗೆ ಚುಕ್ಕೆ ಚುಕ್ಕೆಯಾಗಿ 'ಪ್ರಣತಿ' ಎಂದು ಕೆತ್ತಿತ್ತು, ಅಕ್ಕ ಪಾಟಿಯ ಮೇಲೆ ಬರೆಯುವಂಥದೇ ದುಂಡು ಅಕ್ಷರ. ಅಕ್ಕ ಕೊಡ ಮುಂದಿಟ್ಟು, ಪಾಟಿಯ ಮೇಲೆ 'ಹೆಸರು ನಾ' ಎಂದು ಬರೆಯುತ್ತಿದ್ದ ಹಾಗೇ ಧೃತಿ, "ನೀನ ಬರದಿ ಹೌದಿಲ್ಲೋ? ಗೊತ್ತಾತು ಬಿಡು, ಚಂದ ಐತಿ" ಅಂದಿದ್ದಳು. ಅಕ್ಕ ಎಡಗೈ ಎತ್ತಿ ಅಂಗೈ ತೋರಿಸಿದಳು. ತಡಿ ಎನ್ನಲು ಅವಳು ಹಾಗೆ ಮಾಡುತ್ತಿದ್ದಳು. ಧೃತಿ ಆಗಲೇ ಒಳಗೆ ಹೋಗಿಯಾಗಿತ್ತು. ಅಕ್ಕ ನಕ್ಕು ಪಾಟಿ ಒರೆಸಿಕೊಂಡಳು.

ಅಕ್ಕ ಹೋದಾಗಿನಿಂದ ನೀರು ತುಂಬುವಾಗೆಲ್ಲ ಧೃತಿಯ ಹೆಬ್ಬೆರಳು ಆ ಚುಕ್ಕೆಗಳ ಮೇಲೆ ಹರಿಯುತ್ತಿತ್ತು. ಯಂತ್ರಕ್ಕೆ ಅದನ್ನು ಇವತ್ತು ಇಟ್ಟರೆ ಇವತ್ತೇ ಅಕ್ಕನ ಕೈ ಸಿಗುತ್ತದೆ. ಅದಕ್ಕೇ ಇಟ್ಟಿರಲಿಲ್ಲ. ಎಲ್ಲೂ ಹೋಗುವುದಿಲ್ಲ ಎಂಬ ಧೈರ್ಯ. ಖರ್ಚು ಮಾಡದೆ ಇಟ್ಟುಕೊಂಡ ಆಸೆ ಅದೊಂದೇ.

ಈಗ ಶನಿವಾರ ಲಾರಿ ಬರುತ್ತದೆ. ಧೃತಿ ಕೊಡದಲ್ಲಿದ್ದ ನೀರನ್ನು ಬಚ್ಚಲಿಗೆ ಚೆಲ್ಲಿ, ಸೆರಗಿನಿಂದ ಒರೆಸಿ, ಬಗಲಿಗೆ ಇಟ್ಟುಕೊಂಡು ಹೊರಟಳು. ಓಣಿಯ ಮಕ್ಕಳು, "ಅಜ್ಜಿ ನೀರಿಗೆ ಹೊಂಟಾಳ!" ಎಂದು ಕೂಗಿದವು. ಅವುಗಳಿಗೂ ನಾಲ್ಕು ಬೈಗಳು ಬಿದ್ದವು.

*

ಇರ್ಫಾನ್ ಕೊಡವನ್ನು ಮಗುವಿನಂತೆ ಎತ್ತಿ ಯಂತ್ರದ ತೊಟ್ಟಿಲಲ್ಲಿ ಮಲಗಿಸಿದ. ಬೆಳಕು ಚುಕ್ಕೆಗಳ ಮೇಲೆ ಅಡ್ಡಡ್ಡ ಹರಿಯಿತು. ಧೃತಿ ಗವಸಿಗೆ ಕೈ ತೂರಿಸಿ ಕೂತಳು. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಳು: ಗಟ್ಟಿ ಹಿಡೀಬ್ಯಾಡ್ರಿ, ಸಡಿಲ ಬಿಡ್ರಿ, ಬರೂ ಕೈ ತಾನ ಬರತೈತಿ. ಈಗ ತನ್ನ ಬೆರಳೇ ಸಡಿಲಾಗಲೊಲ್ಲದು.

ಕೈ ಬಂತು.

ದಪ್ಪ ಕೈ. ಗಡಸು. ಮೋಟು ಹೆಬ್ಬೆರಳು. ಏನನ್ನೋ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಟರ್ರ್ ಎಂದು ನಡುಗುತ್ತಿತ್ತು. ಅವಳ ತೋಳು ಮೊಣಕೈ ತನಕ ಅದುರಿತು. ಒಂದು ಅಕ್ಷರ, ಇನ್ನೊಂದು ಅಕ್ಷರ, ಬೇಗ ಬೇಗ, ಹಿಂದೆ ಗಿರಾಕಿ ಕಾಯುತ್ತಿದ್ದಾರೆ ಎಂಬಂತೆ.

ಧೃತಿ ಗವಸು ಕಿತ್ತು ಎಸೆದಳು. "ಯಾರ ಕೈ ಇದು? ಯಾವ ಮಾದರಿ ಹಾಕಿದಿ? ಕಣ್ಣು ಎಲ್ಲಿಟ್ಟಿದ್ದಿ?"

ಇರ್ಫಾನ್ ಗವಸು ಎತ್ತಿ ಧೂಳು ಕೊಡವಿದ.

"ನಿಮ್ಮ ಕೊಡಾನ ಹಾಕೇನ್ರಿ ಅಕ್ಕಾರ. ಇದು ಗಂಡಸಿನ ಕೈ. ಭಾಂಡೆ ಅಂಗಡಿಯವನ ಕೈ. ಕೊಡದ ಮ್ಯಾಲೆ ಹೆಸರು ಮನ್ಯಾಗ ಯಾರು ಬರೀತಾರ್ರಿ? ಕೊಂಡಲ್ಲೇ ಮಷಿನ್ ಹಿಡದು ಹಾಕಿ ಕೊಡ್ತಿದ್ರು. ನಮ್ಮವ್ವನ ತಾಟಿನ ಮ್ಯಾಲೂ ಹಿಂಗ ಐತಿ."

"ಅಕ್ಷರ ಆಕೀದ!"

"ಅಕ್ಷರ ಆಕೀದ ಇರಬಹುದ್ರಿ. ಕೈ ಆಕೀದಲ್ಲ."

ಊರಿಗೆಲ್ಲ ಅಕ್ಷರ ಬೇರೆ, ಕೈ ಬೇರೆ ಎಂದು ಹೇಳಿಕೊಂಡು ಬಂದವಳು ಅವಳೇ. ಇಷ್ಟು ದಿನ ಬೆಳಿಗ್ಗೆ ಎದ್ದು ಸವರಿದ್ದು ಯಾರೋ ಅಂಗಡಿಯವನ ಹೆಬ್ಬೆರಳನ್ನು. ಬೇರೆಯವರಿಗೆ ಹೀಗಾಗಿದ್ದರೆ ಧೃತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಕೊಡ ಬಗಲಿಗೇರಿಸಿ ಹೊರಗೆ ನಡೆದಳು. ಅವಳು ಬೈಯದೇ ಹೋದದ್ದು ಇರ್ಫಾನನಿಗೆ ಹೆದರಿಕೆ ತಂದಿತು.

*

ಅಕ್ಕ ಕೊಡ, ಪಾತ್ರೆ ಕೊಳ್ಳುತ್ತಿದ್ದ ಭಾಂಡೆ ಅಂಗಡಿ ಪೇಟೆಯ ನಡುವೆ ಇತ್ತು. ಈಗ ನೋಡಿಕೊಳ್ಳುತ್ತಿದ್ದವನು ಸುಹಾಸ ಕಂಚಗಾರ, ನಲವತ್ತರ ಆಸುಪಾಸಿನವನು. ಧೃತಿ ಕೊಡವನ್ನು ಗಲ್ಲಾಪೆಟ್ಟಿಗೆಯ ಮುಂದೆ ಧಡ್ ಎಂದು ಇಟ್ಟಳು.

"ಇದರ ಮ್ಯಾಲಿನ ಹೆಸರು ಯಾರು ಹಾಕಿದ್ದು?"

ಸುಹಾಸ ಬಗ್ಗಿ ನೋಡಿದ. "ನಮ್ಮಪ್ಪ ಹಾಕಿದ್ದರಿ. ಈರಣ್ಣ ಕಂಚಗಾರ. ಯಾಕ್ರಿ, ಸೋರಾಕತ್ತೈತೇನು? ಇಷ್ಟು ವರ್ಷದ ಮ್ಯಾಲೆ ಬದಲಿ ಕೊಡಾಕ ಬರಂಗಿಲ್ಲ ನೋಡ್ರಿ."

"ಸೋರೂದಿಲ್ಲ. ಈ ಹೆಸರಿನವ್ರು ನಿಮ್ಮ ಹತ್ರ ಕೊಡ ತೊಗೊಂಡ್ರು. ಮಾತು ಬರತಿರಲಿಲ್ಲ, ಕೊರಳಾಗ..."

"ಪಾಟಿ ಅಕ್ಕಾರು!" ಸುಹಾಸನ ಮುಖ ಅರಳಿತು. "ನೀವು ಅವರ ತಂಗೀನೇನು? ಹುಲಿ ನೀವೇನು?"

"ಹುಲಿ ಯಾವಾಕಿ?"

"ಮನ್ಯಾಗ ಒಂದು ಹುಲಿ ಸಾಕೇನಿ, ಬ್ಯಾಗನ ಹೋಗಬೇಕು ಅಂತ ಬರೀತಿದ್ರು ರೀ. ಭಾಳ ಮಾತಿನ ಮಲ್ಲಿ! ಒಂದು ಪಾಟಿ ತುಂಬಿಸಿ, ಒರಸಿ, ಮತ್ತೊಂದು ಪಾಟಿ ತುಂಬಸೂದು. ಅಪ್ಪ ಗಿರಾಕಿ ಬಿಟ್ಟು ನಿಂತು ಜೋರಾಗಿ ಓದಿ ಓದಿ ನಗತಿದ್ದ. ಓಣಿಯಾಗಿನ ಸುದ್ದಿ ಎಲ್ಲಾ ಅವರ ಪಾಟಿ ಮ್ಯಾಲೆ ಇರತಿತ್ತು. ಈ ಹೆಸರೂ ಅಷ್ಟ. ಅವರು ಪಾಟಿ ಮ್ಯಾಲೆ ಬರದು ತೋರ್ಸಿದ್ರು, ಇದ ಥರ ಬೇಕು ಅಂತ. ಅಪ್ಪ ನೋಡಿ ನೋಡಿ ಹಂಗ ತಿದ್ದಿದ."

ಧೃತಿ ಪಕ್ಕದಲ್ಲಿದ್ದ ಬೋರಲು ಹಾಕಿದ ಡಬರಿಯ ಮೇಲೆ ಕೂತಳು. ಅವಳಿಗೆ ಗೊತ್ತಿದ್ದ ಅಕ್ಕ ಹೆಚ್ಚು ಬರೆಯುವವಳಲ್ಲ. ಎರಡು ಅಕ್ಷರ, ಮೂರು ಅಕ್ಷರ, ಅಷ್ಟೇ. ಕಡಿಮೆ ಮಾತಿನವಳು ಎಂದು ತಿಳಿದಿದ್ದಳು. ಒಂದೇ ಮನೆಯಲ್ಲಿ ಉಂಡು ಮಲಗಿದವಳನ್ನು ಭಾಂಡೆ ಅಂಗಡಿಯವರು ತನಗಿಂತ ಚೆನ್ನಾಗಿ ಬಲ್ಲರು.

ಯಾಕೆ ಬಂದೆ ಎಂದು ಅವಳು ಕಡಿದ ಹಾಗೆ ನಾಲ್ಕು ಮಾತಿನಲ್ಲಿ ಹೇಳಿದಳು. ಕೇಂದ್ರ, ಯಂತ್ರ, ಗವಸು, ತನಗೆ ಬೇಕಾದ ಕೈ ಸಿಗದೆ ಅವನ ಅಪ್ಪನ ಕೈ ಸಿಕ್ಕಿದ್ದು. ಸುಹಾಸ ಕೈಯಲ್ಲಿದ್ದ ವಸ್ತ್ರವನ್ನು ಕೆಳಗಿಟ್ಟ.

"ಅಪ್ಪನ ಕೈ ಐತಿ ಅಂತೀರಿ?"

"ಇಡೀ ಗದಗಿನ ಅಡಗಿ ಮನ್ಯಾಗ ಐತಿ. ನಿಮ್ಮ ಮನ್ಯಾಗ ಇರಲಿಕ್ಕಿಲ್ಲೇನು?"

"ಇಲ್ರಿ. ಮದುವ್ಯಾಗ, ಮುಂಜಿವ್ಯಾಗ ಮಂದೀ ಭಾಂಡೆದಾಗ ಬೆರೀಬಾರದು ಅಂತ ಹೆಸರು ಹಾಕಸೂದು. ನಾವು ಅಂಗಡಿಯವ್ರು, ನಮ್ಮ ಭಾಂಡೆಕ್ಕ ಹೆಸರು ಯಾಕ ಹಾಕ್ಕೊಳ್ಳೂಣು? ಬೇಕಾದಾಗ ಅಂಗಡಿಯಾಗಿಂದ ತೊಗೊಂಡು ಹೋಗೂದು. ಅಪ್ಪಂದು ಒಂದು ಚುಕ್ಕೀನೂ ನಮ್ಮ ಮನ್ಯಾಗ ಇಲ್ರಿ." ಕೊಡದ ಚುಕ್ಕೆಗಳ ಮೇಲೆ ಬೆರಳಿಟ್ಟ. "ನಾ ಬಂದ್ರ ನಡೀತೈತೇನ್ರಿ?"

ಬೇಡ ಎಂಬ ಮಾತು ಧೃತಿಯ ಬಾಯಿಗೆ ಬಂದಿತ್ತು. "ನಾಳೆ ಬರ್ರಿ. ಶನಿವಾರ ಬಂದ್ರ ಬರಿ ಗ್ವಾಡಿ ಇರತಾವು" ಎಂದಳು.

ಅವನು ಮರುದಿನ ಒಂದು ಹೊಸ ಸ್ಟೀಲಿನ ಮುಚ್ಚಳವನ್ನೂ, ಅಪ್ಪನ ಹಳೇ ಕೆತ್ತುವ ಮಷಿನನ್ನೂ ಹಿಡಿದುಕೊಂಡು ಬಂದ. ಗವಸು ಹಾಕಿಕೊಂಡು ಕೂತವನು ಒಮ್ಮೆಲೇ ಕಿರುಚಿದ: "ಹೆಬ್ಬೆರಳು ಒತ್ತತೈತ್ರಿ! ಹಿಂಗ ಒತ್ತತಿದ್ದ, ನನಗ ಕಲಸೂ ಮುಂದ ನೋವಾಗೂ ಹಂಗ ಒತ್ತತಿದ್ದ!" ಇರ್ಫಾನ್ ಯಂತ್ರಕ್ಕೆ ಅವನ ಹೆಸರು ಕೊಟ್ಟು, ಕೆತ್ತುವ ಮಷಿನನ್ನು ಅವನ ಮುಷ್ಟಿಗಿಟ್ಟು, ಮುಚ್ಚಳವನ್ನು ಕೈ ಕೆಳಗೆ ಸರಿಸಿದ. ಟರ್ರ್ ಎಂದು ಸದ್ದಾಯಿತು. ಅಪ್ಪನ ಕೈ ಮಗನ ಕೈಯನ್ನು ನಡೆಸಿ 'ಸುಹಾಸ' ಎಂದು ಕೆತ್ತಿತು. ಸುಹಾಸ ಮುಚ್ಚಳವನ್ನು ಹೊಟ್ಟೆಗೆ ಒತ್ತಿಕೊಂಡು ಸಣ್ಣ ಹುಡುಗನ ಹಾಗೆ ಅತ್ತ.

ಧೃತಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಬೇಕು, ಆ ಮುಚ್ಚಳವನ್ನು ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಒಗೆಯಬೇಕು ಅನ್ನಿಸಿತು.

ಹೋಗುವಾಗ ಬಾಗಿಲಲ್ಲಿ ನಿಂತು ಅವನು ಕೇಳಿದ, "ಅಕ್ಕಾರ ಪಾಟಿ ಏನಾತ್ರಿ?"

"ಗ್ವಾಡಿಗೆ ಐತಿ."

"ಅದನ್ನ ಯಾಕ ಹಾಕಿ ನೋಡಬಾರದು?"

"ಬಾಗಲ ಮ್ಯಾಲಿನ ಬೋರ್ಡ್ ಓದಾಕ ಬರತೈತಿಲ್ಲೋ? ಪಾಟಿ, ಕರಿ ಹಲಗಿ ತರಬಾರದು ಅಂತ ಬರಸೇನಿ. ಒಂದರ ಮ್ಯಾಲೊಂದು ಸಾವಿರ ಸಲ ಬರದಿದ್ದನ್ನ ಯಾವ ಮಷಿನೂ ಬಿಡಸೂದಿಲ್ಲ. ನಿಮ್ಮ ಕೆಲಸ ಆತು, ನಡೀರಿ."

ಸುಹಾಸ ಕೈ ಮುಗಿದು ಹೋದ. ಬೋರ್ಡು ಬರೆಸಿದವಳು ಅದರ ಕೆಳಗೇ ನಿಂತಿದ್ದಳು.

*

ಸಂಜೆ ಮನೆಗೆ ಬಂದು ಧೃತಿ ಪಾಟಿಯನ್ನು ಮೊಳೆಯಿಂದ ಇಳಿಸಿದಳು. ಅಕ್ಕ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಅದರಲ್ಲಿ ಏನೂ ಇಲ್ಲ ಎಂಬುದು ಅವಳಿಗೆ ಗೊತ್ತಿದ್ದ ವಿಷಯ. ಬಾಲ್ಕನಿಗೆ ತಂದಳು. ಹೊತ್ತು ಮುಳುಗುವ ಬಿಸಿಲು ಅಡ್ಡ ಬಿತ್ತು. ಕರಿ ಕಲ್ಲಿನ ತುಂಬ ಕೂದಲೆಳೆಯಂಥ ಗೀರುಗಳು ಮಿನುಗಿದವು, ಜೇಡರ ಬಲೆಯ ಮೇಲೆ ಜೇಡರ ಬಲೆ ಹಾಸಿದಂತೆ. ಬಳಪ ಹೋದಲ್ಲೆಲ್ಲ ಕಲ್ಲು ಸವೆದಿತ್ತು. ಸೆರಗು ಒರೆಸಿದ್ದು ಬಿಳಿ ಪುಡಿಯನ್ನಷ್ಟೇ.

ಕೆಳಗೆ ಓಣಿಯಲ್ಲಿ ಜನ ಓಡಾಡುತ್ತಿದ್ದರು. ಎಲ್ಲರ ಗಂಟಲೂ ಸಣ್ಣಗೆ ಅಲುಗುತ್ತಿತ್ತು, ಯಾರ ಬಾಯಿಂದಲೂ ದನಿ ಇಲ್ಲ. ಎಲ್ಲರೂ ಎಲ್ಲೋ ಇದ್ದ ಯಾರ ಜೊತೆಗೋ ಮಾತಾಡುತ್ತಿದ್ದರು. ಧೃತಿಯ ಪಟ್ಟಿ ಒಳಗೆ ಮೇಜಿನ ಮೇಲೆ ಬಿದ್ದಿತ್ತು. ಕಟ್ಟಿಕೊಂಡರೂ ಕಳಿಸಲು ಅವಳಿಗೆ ಯಾರೂ ಇರಲಿಲ್ಲ. ಕತ್ತಲಾಗಿ ಗೀರುಗಳು ಕಾಣದಾಗುವ ತನಕ ಪಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

*

ಶನಿವಾರ ಬೆಳಿಗ್ಗೆ ಲಾರಿ ಅವಳಿಗಿಂತ ಮುಂಚೆ ಬಂದಿತ್ತು. ಹಮಾಲರು ಕಪಾಟುಗಳನ್ನು ಹೊರಗೆ ಸಾಗಿಸುತ್ತಿದ್ದರು. ಅವರ ಮುಖಂಡ, "ಆ ದೊಡ್ಡ ಮಷಿನ್ ಯಾವಾಗ ಬಿಚ್ಚೂಣ್ರಿ?" ಎಂದು ಕೇಳಿದ. ಧೃತಿ, "ನಾ ಹೇಳಿದಾಗ" ಎಂದು ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವನು ಬೀಡಿ ಹಚ್ಚಿಕೊಂಡು ಹೊರಗೆ ಕೂತ.

ಇರ್ಫಾನ್ ಅವಳ ಬಗಲಲ್ಲಿದ್ದ ಪಾಟಿಯನ್ನು ಕಂಡ. ಬೋರ್ಡಿನ ಕಡೆ ಒಂದು ಸಲ ನೋಡಿದ, ಅಷ್ಟೇ.

"ಹಲ್ಲು ಕಿಸೀಬ್ಯಾಡ" ಎಂದಳು.

"ಇಲ್ರಿ ಅಕ್ಕಾರ, ಕಿಸದಿಲ್ಲ."

ಯಂತ್ರ ಬಹಳ ಹೊತ್ತು ಗೊಣಗಿತು. ಪರದೆಯ ಮೇಲೆ ಗೀರುಗಳು ಹುಲ್ಲಿನ ಬಣವೆಯಂತೆ ತುಂಬಿಕೊಂಡವು. ಒಂದು ಅಕ್ಷರವೂ ಬಿಡಿಸಿ ಬರಲಿಲ್ಲ. ಅಕ್ಷರ ಸಿಗುತ್ತಿಲ್ಲ, ಅಕ್ಷರ ಸಿಗುತ್ತಿಲ್ಲ ಎಂದು ಅದು ಮತ್ತೆ ಮತ್ತೆ ತೋರಿಸಿತು.

"ನಾ ಮೊದಲ ಹೇಳಿದ್ದೆ," ಎಂದಳು ಧೃತಿ. ದನಿಯಲ್ಲಿ ಸಿಟ್ಟು ಇರಲಿಲ್ಲ. "ತೆಗದು ಬಿಡು."

ಇರ್ಫಾನ್ ಗಲ್ಲ ಕೆರೆದುಕೊಂಡ. "ಅಕ್ಕಾರ, ನಾವು ಅದಕ್ಕ ಓದು ಓದು ಅಂತ ಹೇಳಾಕತ್ತೀವಿ. ನಮಗ ಓದೂದು ಏನೈತ್ರಿ? ಏನು ಬರದಾರ ಅನ್ನೂದು ಬ್ಯಾಡ. ಹೆಂಗ ಬರದಾರ ಅಷ್ಟ ಕೇಳೂಣು. ಗೀರು ಎಲ್ಲಿ ಸುರು ಆಗತೈತಿ, ಎಲ್ಲಿ ನಿಲ್ಲತೈತಿ, ಎಷ್ಟು ಒತ್ತತೈತಿ. ಸಾವಿರ ಸಲ ಬರದಿದ್ರ ಛಲೋನ ಆತಲ್ರಿ, ಸಾವಿರ ಸಲ ಸಾಕ್ಷಿ ಐತಿ."

ಧೃತಿ ಅವನ ಮುಖ ನೋಡಿದಳು. "ಹಾಕು."

ಹೊರಗೆ ಹಮಾಲರು ಮೇಜು ಎಳೆಯುವ ಸದ್ದು. ಒಳಗೆ ಬೆಳಕು ಕರಿ ಕಲ್ಲಿನ ಮೇಲೆ ಹೋಗುತ್ತ ಬರುತ್ತ ಇತ್ತು. ಪರದೆಯ ಮೇಲಿನ ಬಣವೆ ಮೆಲ್ಲಗೆ ಕರಗಿ, ಅದರೊಳಗಿಂದ ಒಂದು ಕೈಯ ಗೆರೆ ಮೂಡಿತು. ತೆಳ್ಳಗಿನ ಕೈ. ಉಂಗುರ ಬೆರಳು ಒಳಗೆ ಮಡಚಿಕೊಂಡಿತ್ತು. ಸೂಜಿ ಹಿಡಿದು ಹಿಡಿದು ಅಕ್ಕನ ಬೆರಳು ಹಾಗೆ ಆಗಿತ್ತು. ಧೃತಿ ಕುರ್ಚಿಯ ತೋಳು ಹಿಡಿದುಕೊಂಡಳು.

"ಒಂದ ಕೈ ಅಕ್ಕಾರ, ಖರೆ," ಇರ್ಫಾನ್ ಪರದೆಗೆ ಮೂಗು ಹಚ್ಚಿ ನೋಡಿದ. "ಆದ್ರ ನಡಿಗಿ ಎರಡು ಅದಾವು. ನೋಡ್ರಿ ಇಲ್ಲಿ. ಒಂದು ಈ ದಂಡಿಯಿಂದ ಆ ದಂಡಿಗೆ ಓಡತೈತಿ, ಎಲ್ಲೂ ನಿಲ್ಲೂದಿಲ್ಲ, ನಗಕೋತ ಬರದಂಗ ಐತಿ. ಇನ್ನೊಂದು... ಇದೇನ್ರಿ, ಇದು ಸುರು ಆಗತೈತಿ, ಎರಡು ಮೂರು ಅಕ್ಷರದಷ್ಟು ಹೋಗತೈತಿ, ನಿಂತ ಬಿಡತೈತಿ. ಮತ್ತ ಸುರು, ಮತ್ತ ನಿಲ್ಲೂದು. ಯಾಕಂತ ತಿಳೀವಲ್ದು. ಕೈ ನೋಯತಿತ್ತೇನ್ರಿ ಅವ್ರಿಗೆ?"

ಧೃತಿಗೆ ತಿಳಿಯಿತು. ಕೈ ನೋಯುತ್ತಿರಲಿಲ್ಲ. ಅಕ್ಕ 'ಸಾ' ಎಂದು ಬರೆಯುವಷ್ಟರಲ್ಲಿ "ಸಾರಿಗೆ ಉಪ್ಪು ಹಾಕೇನಿ" ಎನ್ನುತ್ತಿದ್ದವಳು ಯಾರು? 'ನಾಳೆ' ಎಂದು ಬರೆಯುವಷ್ಟರಲ್ಲಿ "ನಾಳೆ ಆಗಂಗಿಲ್ಲ, ಕೆಲಸ ಐತಿ" ಎಂದು ಎದ್ದು ಹೋಗುತ್ತಿದ್ದವಳು ಯಾರು? ಊಹೆ ಸರಿಯೋ ತಪ್ಪೋ ಎಂದು ತಿರುಗಿ ನೋಡಿದವಳೇ ಅಲ್ಲ. ಬರಬರುತ್ತ ಕೈಗೇ ಅದು ರೂಢಿಯಾಗಿಬಿಟ್ಟಿತ್ತು. ಅಂಗಡಿಯಲ್ಲಿ ಓಡಿದ ಕೈ ಮನೆಗೆ ಬಂದು ಎರಡು ಅಕ್ಷರಕ್ಕೆ ನಿಲ್ಲುವುದನ್ನು ಕಲಿತಿತ್ತು.

ಮುಖಂಡ ಬಾಗಿಲಲ್ಲಿ ತಲೆ ಹಾಕಿದ. "ಅಕ್ಕಾರ, ಮಧ್ಯಾಹ್ನದೊಳಗ ಹೊರಡಬೇಕ್ರಿ. ಡ್ರೈವರ್ ಬಯ್ಯಾಕತ್ತಾನ."

"ಬಂತ್ರಿ, ಆತು," ಎಂದ ಇರ್ಫಾನ್. ಅವಳ ಕಡೆ ತಿರುಗಿದ. "ಒಂದಕ್ಕ ಅಷ್ಟ ಹೊತ್ತು ಐತಿ. ಓಡೂದನ್ನ ಹಾಕಲಿ? ಭಾಳ ಚಂದ ಐತ್ರಿ ಅದು. ಹೊಳಿ ಹರದಂಗ."

ಧೃತಿ ಪರದೆಯ ಮೇಲೆ ಓಡುತ್ತಿದ್ದ ಗೆರೆಯನ್ನು ನೋಡಿದಳು. ನಗುತ್ತ ಹೋಗುವ ಗೆರೆ. ಅದರಲ್ಲಿ ಓಣಿಯ ಸುದ್ದಿ, ಹುಲಿಯ ಸುದ್ದಿ, ಅವಳು ಎಂದೂ ಕೇಳದ ಮಾತೆಲ್ಲ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಆರಿಸಿಕೊಳ್ಳುತ್ತಿದ್ದರು.

"ಅದು ಅಂಗಡಿಯವ್ರದು," ಎಂದಳು. "ನಿಲ್ಲತೈತೆಲ್ಲ, ಅದನ್ನ ಹಾಕು. ಅದು ನಂದು."

ಗವಸಿಗೆ ಕೈ ತೂರಿಸಿದಳು. ಇರ್ಫಾನ್ ಪಾಟಿಯನ್ನು ಯಂತ್ರದಿಂದ ತೆಗೆದು ಅವಳ ಕೈ ಕೆಳಗೆ ಇಟ್ಟ, ಬೆರಳುಗಳ ನಡುವೆ ಒಂದು ತುಂಡು ಬಳಪ ಸಿಕ್ಕಿಸಿದ.

ಕೈ ಬಂತು. ಹಗುರಾಗಿ ಬಂತು, ಬಾಗಿಲು ಸದ್ದಾಗದಂತೆ ತೆಗೆದು ಬಂದ ಹಾಗೆ. ಅವಳ ಉಂಗುರ ಬೆರಳನ್ನು ಮೆಲ್ಲಗೆ ಒಳಗೆ ಮಡಚಿತು. ಧೃತಿ ಆರು ವರ್ಷದ ಹುಡುಗಿಯಾಗಿದ್ದಾಗ ಹಿಂದೆ ಕೂತು ಅಕ್ಷರ ತಿದ್ದಿಸಿದ್ದು ಈ ಕೈ. ಅಂದು ಕೂಡ ಅವಳು ಅಕ್ಕ ನಡೆಸುವ ಮೊದಲೇ ಬಳಪ ಮುಂದಕ್ಕೆ ನೂಕುತ್ತಿದ್ದಳು, ಅಕ್ಕ ನಗುತ್ತ ಹಿಂದಕ್ಕೆ ಎಳೆಯುತ್ತಿದ್ದಳು. ಈಗ ಧೃತಿ ನೂಕಲಿಲ್ಲ. ಬಳಪ ಕಲ್ಲಿಗೆ ತಾಗಿತು. ಒಂದು ದುಂಡು ಎಳೆಯಿತು, ಅಕ್ಷರವೇನೂ ಆಗದ ಬರಿ ದುಂಡು. ಪಕ್ಕದಲ್ಲಿ ಇನ್ನೊಂದು ಗೆರೆ ಸುರುವಾಗಿ ಅರ್ಧಕ್ಕೆ ನಿಂತಿತು.

ಕೈ ಒಂದಿಷ್ಟು ಮೇಲೆದ್ದು ಗಾಳಿಯಲ್ಲಿ ನಿಂತುಕೊಂಡಿತು. ಬೆಚ್ಚಗಿತ್ತು. ಎದುರಿನವಳು ಏನಾದರೂ ಹೇಳುತ್ತಾಳೆ ಎಂದು ಕಾಯುತ್ತಿತ್ತು.

ಧೃತಿಯ ನಾಲಿಗೆ ಅಭ್ಯಾಸಬಲದಿಂದ ಅಲುಗಿತು. ಏನಿರಬಹುದು, ಉಂಡಿಯೇನು ಅಂತಲೋ, ಮುಂಬಾಗಿಲು ಹಾಕಿದಿಯೇನು ಅಂತಲೋ. ಅವಳು ತುಟಿ ಒತ್ತಿ ಹಿಡಿದಳು. ಊಹೆ ಮಾಡಲಿಲ್ಲ. ಮುಂದೆ ಬರೆಯಲಿ ಎಂದು ಕಾದಳು. ಕೈ ಬರೆಯಲಿಲ್ಲ, ಇಳಿಯಲೂ ಇಲ್ಲ. ಎರಡೂ ಕೈ ಒಂದರೊಳಗೊಂದು ಹಾಗೇ ನಿಂತವು.

ಹೊರಗೆ ಲಾರಿಯ ಹಾರ್ನ್ ಕೂಗಿತು. ಮುಖಂಡ ಮತ್ತೆ ಬಾಗಿಲಿಗೆ ಬಂದ. ಇರ್ಫಾನ್ ಬಗ್ಗಿ, "ಅಕ್ಕಾರ, ಬಂದ್ ಮಾಡಲೇನ್ರಿ?" ಎಂದು ಮೆಲ್ಲಗೆ ಕೇಳಿದ.

ಧೃತಿ ಅವನ ಕಡೆ ತಿರುಗಲಿಲ್ಲ. ಎಡಗೈ ಎತ್ತಿ, ಅಂಗೈ ತೋರಿಸಿದಳು.